ಮಗ್ಗ ನಿಂತಿದ್ದ ಒಂದೂವರೆ ಗಂಟೆ

ದೊಡ್ಡಬಳ್ಳಾಪುರ
ಭಾನುವಾರ, ೧೬ ಮಾರ್ಚ್ ೨೦೨೫

ಪ್ರೀತಿಯ ಅಣ್ಣಾ,

ಪತ್ರ ಬರೆದದ್ದಕ್ಕೇ ಮೊದಲು ಕ್ಷಮಿಸಿಬಿಡು. ನೀನು ನನ್ನ ನಂಬರ್ ಬ್ಲಾಕ್ ಮಾಡಿ ಆರು ವಾರವಾಯಿತು. ಮಾತು ಬೇಡ ಎಂದವನಿಗೆ ಹೀಗೆ ಪೋಸ್ಟಿನಲ್ಲಿ ಬಂದು ಕಾಟ ಕೊಡುವುದು ತಪ್ಪೇನೋ, ಆದರೂ ಬೇರೆ ದಾರಿ ಕಾಣಲಿಲ್ಲ. ಹೇಗಿದ್ದೀಯ? ಧರ್ಮಾವರದ ಬಿಸಿಲು ತುಂಬಾ ಜೋರಂತೆ. ಬಲಗೈ ಮಣಿಕಟ್ಟಿನ ನೋವು ಕಡಿಮೆಯಾಯಿತಾ? ಅಮ್ಮ ಕಟ್ಟಿಕೊಟ್ಟ ಎಣ್ಣೆ ಹಚ್ಚುತ್ತಿದ್ದೀಯಾ, ಇಲ್ಲ ಟ್ರಂಕಿನಲ್ಲೇ ಇದೆಯಾ? ಮಾವನ ಮಗ್ಗದ ಮನೆಯಲ್ಲಿ ಎಲ್ಲರೂ ತೆಲುಗೇ ಮಾತಾಡುತ್ತಾರಲ್ಲ, ನಿನಗೆ ಕಷ್ಟವಾಗುತ್ತಿಲ್ಲ ತಾನೇ? ನನ್ನ ಕನ್ನಡ ತಪ್ಪಿದ್ದರೆ ನಗಬೇಡ. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಇದ್ದವನಿಗೆ ಪತ್ರವೆಂದರೆ ಲೀವ್ ಲೆಟರ್ ಒಂದೇ ಗೊತ್ತು.

ಇಲ್ಲಿ ಎಲ್ಲರೂ ಕ್ಷೇಮ. ಕಾಲೇಜಿನಿಂದ ಶನಿವಾರ ಬಂದೆ. ಮಗ್ಗಕ್ಕೆ ಏರಿಸುವ ಹಾಸು ನೂಲು ಮುಗಿದು, ಹೊಸದು ಇನ್ನೂ ಬಂದಿಲ್ಲವಾದ್ದರಿಂದ ಇವತ್ತು ನಮ್ಮ ನಾಲ್ಕೂ ಮಗ್ಗ ನಿಂತಿವೆ; ಮಗ್ಗದ ಮನೆಗೆ ಅಪ್ಪ ಬೀಗ ಹಾಕಿದ್ದಾರೆ. ಮಧ್ಯಾಹ್ನ ಸುಮ್ಮನೆ ಆನ್‌ಲೈನ್ ಗೇಮ್ ತೆರೆದೆ. ಆವತ್ತು ಕಾಲೇಜ್ ಟೀಮಿನ ಮ್ಯಾಚಿನಲ್ಲಿ ಆದ ಹಾಗೆಯೇ ಪಿಂಗ್ ನಲವತ್ತರಲ್ಲಿದ್ದದ್ದು ಇದ್ದಕ್ಕಿದ್ದಂತೆ ಆರುನೂರಕ್ಕೆ ಹಾರಿತು. ನಾನು ಒತ್ತಿದ್ದು ಸರ್ವರ್ ಮುಟ್ಟಿ ಉತ್ತರ ಬರುವ ಸಮಯವೇ ಪಿಂಗ್ ಎಂದು ನಿನಗೆ ವಿವರಿಸಿದಾಗ, "ಲಾಳಿ ಆ ಕಡೆ ಹೋಗಿ ಈ ಕಡೆ ಬಂದಂಗೆ ಅನ್ನು" ಅಂದಿದ್ದೆಯಲ್ಲ, ಆ ಲಾಳಿ ನಡುವೆಯೇ ಸಿಕ್ಕಿಕೊಂಡಿತ್ತು. ಮಗ್ಗದ ಮೋಟಾರಿನಿಂದ ನೆಟ್ ಕೆಡುತ್ತದೆಂದು ಆವತ್ತು ನೀನು ಒಂದೂವರೆ ಗಂಟೆ ಮಗ್ಗ ನಿಲ್ಲಿಸಿಕೊಟ್ಟಿದ್ದೆ, ನಡುವೆ ಓಡಿಸಿದೆ ಎಂದು ನಾನು ದೂರಿದ್ದೆ; ಬೀಗ ಹಾಕಿದ ಮನೆಯಲ್ಲಿ ಯಾವ ಮಗ್ಗ ಓಡುತ್ತದೆ ಅಣ್ಣಾ?

ಆಮೇಲೆ ಲ್ಯಾಬಿನಲ್ಲಿ ಕಲಿಸಿದ ಹಾಗೆ ಮಾಡಿದೆ. ಒಂದು ವಿಂಡೋದಲ್ಲಿ ನಮ್ಮ ರೂಟರಿಗೇ ಪಿಂಗ್ ಕಳಿಸಿದೆ, ಇನ್ನೊಂದರಲ್ಲಿ ಹೊರಗಿನ ಸರ್ವರಿಗೆ. ರೂಟರಿನದು ಎರಡು ಮೂರು ದಾಟಲೇ ಇಲ್ಲ. ಹೊರಗಿನದು ಮಾತ್ರ ಹಾರುತ್ತಿತ್ತು. ಎಂದರೆ ನಮ್ಮ ಕರೆಂಟು, ವೈರು, ಮೋಟಾರು ಯಾವುದರದ್ದೂ ತಪ್ಪಲ್ಲ. ಮನೆಯೊಳಗಿನಿಂದ ಏನೋ ಭಾರದ್ದು ಹೊರಗೆ ಹೋಗುತ್ತಾ ದಾರಿ ಕಟ್ಟಿಹಾಕಿದೆ. ರೂಟರಿಗೆ ಸೇರಿದ ಫೋನುಗಳ ಪಟ್ಟಿ ತೆಗೆದೆ. ಅದರಲ್ಲಿ ನನ್ನದೇ ಹೆಸರು ಎರಡು ಸಲ ಇತ್ತು.

ಎರಡನೆಯದು ಅಜ್ಜಿಗೆ ಕೊಟ್ಟ ನನ್ನ ಹಳೇ ಫೋನ್; ಇವತ್ತೂ ಅದರಿಂದಲೇ ವಿಡಿಯೋ ಅಪ್‌ಲೋಡ್ ಆಗುತ್ತಿತ್ತು. ಕಾಲೇಜಿಗೆ ಹೊರಟ ದಿನ ಅಜ್ಜಿ ಅತ್ತಾಗ, "ಇದರಲ್ಲಿ ನೀನು ತೆಗೆದಿದ್ದೆಲ್ಲ ನಂಗೆ ಬರುತ್ತೆ ಅಜ್ಜಿ" ಎಂದು ನನ್ನ ಅಕೌಂಟ್ ಹಾಗೇ ಬಿಟ್ಟು ಕೊಟ್ಟಿದ್ದೆ. ಕೊಟ್ಟವನು ಮರೆತೆ, ಅಜ್ಜಿ ಮರೆಯಲಿಲ್ಲ. ಇನ್ನೂರ ಹನ್ನೆರಡು ವಿಡಿಯೋ ಇವೆ. ಹಸು, ಹುಣಸೆ ಬಿಡಿಸುವುದು, ನೀನು ಹಲ್ಲುಜ್ಜುವುದು. ಒಂದನ್ನೂ ನಾನು ತೆರೆದು ನೋಡಿರಲಿಲ್ಲ. ಮ್ಯಾಚಿನ ದಿನ ಅಜ್ಜಿ ಅಮ್ಮನ ಜೊತೆ ಘಾಟಿ ದೇವಸ್ಥಾನಕ್ಕೆ ಹೋಗಿ, ಸರಿಯಾಗಿ ನಾಲ್ಕು ಗಂಟೆಗೆ ಮನೆಗೆ ಬಂದಿತ್ತಲ್ಲ. ಬೆಳಗ್ಗಿಂದ ತೆಗೆದದ್ದೆಲ್ಲ ನಮ್ಮ ವೈಫೈ ಸಿಕ್ಕಿದ್ದೇ ಒಂದರ ಹಿಂದೊಂದು ಅಪ್‌ಲೋಡ್ ಆಗತೊಡಗಿದೆ. ಮ್ಯಾಚ್ ಶುರುವಾದದ್ದೂ ನಾಲ್ಕಕ್ಕೇ.

ಆ ದಿನದ ಕೊನೆಯ ವಿಡಿಯೋ ನಮ್ಮಿಬ್ಬರದು. "ನೋಡು ವಿಜಿ, ನಮ್ಮ ಹುಡುಗ್ರು ಆಟ ಆಡ್ತಾವ್ರೆ" ಅನ್ನುತ್ತದೆ ಅಜ್ಜಿ, ನನ್ನನ್ನೇ ತೋರಿಸಿ ನನಗೇ. ನನ್ನ ಕಿವಿಯಲ್ಲಿ ಹೆಡ್‌ಸೆಟ್. ನೀನು ಲ್ಯಾಪ್‌ಟಾಪ್ ಬಿಸಿಯಾಗದಿರಲಿ ಎಂದು ಟೇಬಲ್ ಫ್ಯಾನ್ ತಿರುಗಿಸಿ ಇಡುತ್ತೀಯ. ಮಗ್ಗದ ಸದ್ದು ಇಲ್ಲವೇ ಇಲ್ಲ, ಹೊರಗಿನ ಕಾಗೆ ಕೂಗೂ ಕೇಳಿಸುತ್ತದೆ. ನೀನು ಎದ್ದು ಹೋದಾಗಲೆಲ್ಲ ಪಿಂಗ್ ಏರಿತೆಂದು ನಾನು ಸಾಧಿಸಿದೆನಲ್ಲ, ನೀನು ಬಾಗಿಲಲ್ಲಿ ನಿಂತು ಮಗ್ಗದ ಕೆಲಸದ ದೊಡ್ಡಬೀರಪ್ಪನಿಗೆ ಕೂಗಿ ಹೇಳುವುದು ಅದರಲ್ಲಿದೆ: "ಬೀರಣ್ಣ, ಇನ್ನೊಂದರ್ಧ ಗಂಟೆ, ಸ್ವಿಚ್ ಮುಟ್ಬೇಡ ಕಣಣ್ಣ." ಆಮೇಲೆ ಅಜ್ಜಿಯ ಹತ್ತಿರ ಬಂದು ಫೋನ್ ನೋಡುತ್ತೀಯ. "ಅಜ್ಜಿ, ಎಲ್ಲಾ ಅಪ್‌ಲೋಡ್ ಆಯ್ತಾ ಐತೆ, ಕೊಡಿಲ್ಲಿ. ವಿಜಿಗೆ ಗೊತ್ತಾದ್ರೆ ನಿನ್ನ ಬೈದ್ಬಿಡ್ತಾನೆ." ಅಲ್ಲಿಗೆ ಮುಗಿಯುತ್ತದೆ.

ನಿನಗೆ ಗೊತ್ತಿತ್ತು. ಆದರೂ ಮ್ಯಾಚ್ ಸೋತು ನಾನು ಕಿರುಚಿದಾಗ, "ಹೂಂ ಕಣೋ, ನಾನೇ ಒಂದು ಮಗ್ಗ ಓಡಿಸ್ದೆ, ಅರ್ಜೆಂಟ್ ಸೀರೆ ಇತ್ತು" ಅಂದೆ. ಆ ಟೀಮಿನಿಂದ ತೆಗೆದುಬಿಟ್ಟರೆ ಕಾಲೇಜಿನಲ್ಲಿ ನನ್ನನ್ನು ಮಾತಾಡಿಸುವವರೇ ಇಲ್ಲ ಎಂಬ ಭಯ ನನಗೆ. ಅದಕ್ಕೇ ಅಪ್ಪ ಬಂದ ಕೂಡಲೇ, ಅಣ್ಣ ಹೊಟ್ಟೆಕಿಚ್ಚಿಗೆ ಹೀಗೆ ಮಾಡಿದ ಎಂದುಬಿಟ್ಟೆ. ಮಗ್ಗದ ಕೆಲಸದವರ ಎದುರಿಗೇ ಅಪ್ಪ, "ತಮ್ಮ ಮುಂದಕ್ಕೆ ಹೋಗೋದು ನೋಡಕ್ಕಾಗಲ್ವೇನೋ ನಿಂಗೆ?" ಎಂದರು. ದೊಡ್ಡಬೀರಪ್ಪ ಏನೋ ಹೇಳಲು ಬಂದ. "ನೀನು ಸುಮ್ನಿರಪ್ಪ, ಇದು ಮನೆ ವಿಷಯ" ಎಂದು ಅಪ್ಪ ಅವನ ಬಾಯಿ ಮುಚ್ಚಿಸಿದರು. ಮಾರನೇ ಬೆಳಗ್ಗೆ ನೀನು ಬ್ಯಾಗ್ ಹಿಡಿದು ಸ್ಟೇಷನ್ನಿಗೆ ಹೋದೆ. ನಾನು ಎಚ್ಚರವಾಗಿದ್ದೂ ಹೊದಿಕೆ ತೆಗೆಯಲಿಲ್ಲ.

ಅಣ್ಣಾ, ಹಾಸ್ಟೆಲಿನಲ್ಲಿ ಸಾರಿ ಎಂಬುದು ಕಾಲು ತುಳಿದರೂ ಹೇಳುವ ಮಾತು. ಅದನ್ನು ಇಲ್ಲಿ ಬರೆಯಲು ಮನಸ್ಸಾಗುತ್ತಿಲ್ಲ. ತಪ್ಪು ನನ್ನದು. ಫೋನಿನದೂ ನನ್ನದೇ, ಮಾತಿನದೂ ನನ್ನದೇ.

ಮಾವನಿಗೆ, ಅತ್ತೆಗೆ ನನ್ನ ನಮಸ್ಕಾರ ತಿಳಿಸು. ನೀನು ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂದು ಬರೆಯಲು ಅಮ್ಮ ಹೇಳಿದ್ದಾಳೆ.

ನಿನ್ನ ತಮ್ಮ,
ವಿಜಯ್

ಮತ್ತೆ: ಇದನ್ನು ಸೋಮವಾರ ಬೆಳಗ್ಗೆ ಸೇರಿಸುತ್ತಿದ್ದೇನೆ, ಬಸ್ಸಿಗೆ ಹೊತ್ತಾಗಿದೆ. ಹೊಸ ಹಾಸು ಬಂದು ಮಗ್ಗ ಶುರುವಾಗಿತ್ತು. ಹೋಗಿ ಎಲ್ಲರ ಎದುರಿಗೇ ಅಪ್ಪನಿಗೆ ವಿಡಿಯೋ ಹಾಕಿದೆ. ಮಗ್ಗದ ಸದ್ದಿಗೆ ಕೇಳಿಸಲಿಲ್ಲ. ಅಪ್ಪ ಮೇನ್ ಸ್ವಿಚ್ ಇಳಿಸಿ, "ಇನ್ನೊಂದ್ಸಲ ಹಾಕು" ಎಂದರು. ನೀನು ಬೀರಪ್ಪನನ್ನು ಕೂಗುವಲ್ಲಿಗೆ ನಿಲ್ಲಿಸಿದೆ, ನೀನು ಅಜ್ಜಿಯ ಫೋನ್ ಕೇಳುವ ಮೊದಲೇ. ಪಿಂಗ್ ಕೆಟ್ಟದ್ದು ನನ್ನ ಅಕೌಂಟಿನಿಂದ ಎಂದಷ್ಟೇ ಹೇಳಿದೆ. ಅಜ್ಜಿಗೆ ಏನೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ. ಅಪ್ಪ ತುಂಬಾ ಹೊತ್ತು ಸ್ವಿಚ್ ಏರಿಸಲಿಲ್ಲ. ಮೂರು ಮಗ್ಗಕ್ಕೆ ಹಾಸು ಏರಿಸಿದ್ದಾರೆ, ನಿನ್ನದಕ್ಕೆ ಯಾರನ್ನೂ ಕೂರಿಸಿಲ್ಲ. ಕೊನೆಗೆ ಅಂದದ್ದು ಇಷ್ಟೇ: "ಯಾವತ್ತು ಬರ್ತಾನೆ ಅಂತ ಕೇಳಿ ಬರಿ. ಸ್ಟೇಷನ್ನಿಗೆ ನಾನೇ ಹೋಗ್ತೀನಿ." ದಯವಿಟ್ಟು ಬೇಗ ಉತ್ತರ ಬರಿ.