ಮೂರನೆಯ ತಂತಿ

ಕಪ್ಪತಗುಡ್ಡದ ಕೆಳಗಿನ ಸುರಂಗಪೇಟೆಯಿಂದ,
ಎರಡನೆಯ ಶಕೆಯ ಮುನ್ನೂರ ಹನ್ನೊಂದನೆಯ ವರ್ಷ, ಹದಿನಾಲ್ಕನೆಯ ತಿಂಗಳು.

ಹಿಂದಿನ ಕಾಲದ ಹಿರಿಯರಿಗೆ ಮೇಲುಕೇರಿಯ ಫಕೀರವ್ವನ ಶರಣು.

ತಿಂಗಳ ಲೆಕ್ಕ ನೋಡಿ ಹುಬ್ಬೇರಿಸಬೇಡಿ. ನೀವು ಬಿಟ್ಟುಹೋದ ಬೇಸಿಗೆ ಹನ್ನೆರಡು ತಿಂಗಳಲ್ಲಿ ಹಿಡಿಸಲಿಲ್ಲ, ಇನ್ನೆರಡು ಸೇರಿಸಿಕೊಂಡಿದ್ದೇವೆ. ನನ್ನ ಕೆಲವು ಮಾತುಗಳು ವಿಚಿತ್ರವಾಗಿ ಕಂಡರೆ ಕ್ಷಮಿಸಿ. ನಿಮ್ಮ ಮಾತುಗಳೂ ನಮಗೆ ಹಾಗೇ ಕಾಣುತ್ತವೆ, ಅವುಗಳಲ್ಲಿ ಎಷ್ಟು ನಿಜವೆಂದು ನನಗೆ ಇವತ್ತಿಗೂ ಗುಮಾನಿ.

ಇಲ್ಲಿ ಕೇರಿಗಳು ಎರಡು, ನೆಲಗೆರೆ ಒಂದು. ನೆಲಗೆರೆಯೆಂದರೆ ನೆಲದಡಿಯ ಕೆರೆ. ಬಿಸಿಲಿಗೆ ಹೆದರಿ ನಾವೂ ಅದರ ಪಕ್ಕದಲ್ಲೇ ನೆಲದಡಿ ಬದುಕುತ್ತೇವೆ. ಯಾರಿಗಾದರೂ ನೀರು ಕೊಡುವವರು ಮೊದಲು ತಾವೊಂದು ಗುಟುಕು ಕುಡಿದು ತೋರಿಸಬೇಕು. ಅದಕ್ಕೆ ಮುಂಗುಟುಕು ಎನ್ನುತ್ತೇವೆ. ಮದುವೆಯಲ್ಲಿ ಬೀಗರು ಒಬ್ಬರ ಚೀಲ ಒಬ್ಬರು ತಡಕುವುದು ಮರ್ಯಾದೆ, ತಡಕದಿದ್ದರೆ ಅವಮಾನ. ಮನುಷ್ಯರನ್ನು ನಂಬುವ ಅಭ್ಯಾಸವಿಲ್ಲದ್ದರಿಂದ ನೀರಿನ ಪಾಳಿಯನ್ನು ತೀರ್ಪುಪೆಟ್ಟಿಗೆಗೆ ಒಪ್ಪಿಸಿದ್ದೇವೆ. ನೀವು ಮೇಜಿನ ಕೆಳಗೆ ಕಾಲಿಗೆ ತಾಗುವಂತೆ ಇಟ್ಟುಕೊಂಡು ಕಂಪ್ಯೂಟರ್ ಎನ್ನುತ್ತಿದ್ದಿರಂತೆ, ಅದೇ. ಹೊರಗಿನ ಯಾವ ಜಾಲಕ್ಕೂ ಅದು ಸೇರಿಲ್ಲ, ಯಾರ ಕಿವಿಮಾತೂ ಅದಕ್ಕೆ ಮುಟ್ಟುವುದಿಲ್ಲ. ಅದು ಹೇಳಿದಾಗ ತೂಬು ತೆರೆಯುತ್ತದೆ, ಹೇಳಿದಾಗ ಮುಚ್ಚುತ್ತದೆ. ಪೆಟ್ಟಿಗೆಯ ಮುಚ್ಚಳಕ್ಕೆ ಎರಡು ಬೀಗ. ಒಂದರ ಕೀಲಿ ನಮ್ಮ ಕೇರಿಯಲ್ಲಿ, ಇನ್ನೊಂದರದು ಕೆಳಗೇರಿಯಲ್ಲಿ. ಒಬ್ಬರೇ ತೆರೆದರೆ ಮೋಸ, ಇಬ್ಬರೂ ಸೇರಿ ತೆರೆದರೆ ಒಳಸಂಚು. ಹೀಗಾಗಿ ನಮ್ಮಜ್ಜಿಯ ಕಾಲದಿಂದ ಅದರ ಧೂಳನ್ನು ಯಾರೂ ಒರೆಸಿರಲಿಲ್ಲ.

ಕಳೆದ ವಾರ ಪೆಟ್ಟಿಗೆ ಗೊರಕೆ ಹೊಡೆಯತೊಡಗಿತು. ಇದು ಕೆಳಗೇರಿಯವರ ಕಿತಾಪತಿ ಎಂದು ನಾವು, ನಮ್ಮದು ಎಂದು ಅವರು. ಮೊನ್ನೆ ಬೆಳಿಗ್ಗೆ ಗೊರಕೆ ನಿಂತಿತು. ಪರದೆಯ ಮೇಲೆ ‘ತಂಪುಚಕ್ರ ತಿರುಗುತ್ತಿಲ್ಲ’ ಎಂದು ಮೂಡಿ ಪೆಟ್ಟಿಗೆಯೂ ನಿಂತಿತು. ತಂಪುಚಕ್ರವೆಂದರೆ ನಿಮ್ಮ ಫ್ಯಾನು, ಪೆಟ್ಟಿಗೆಯ ಬಿಸಿ ಮಿದುಳಿಗೆ ಗಾಳಿ ಬೀಸುವ ಅಂಗೈಯಗಲದ ಚಕ್ರ. ತೂಬು ಮುಚ್ಚಿಯೇ ಉಳಿಯಿತು. ಕೈಯಿಂದ ಎತ್ತಲು ಹೋದರೆ ಎರಡೂ ಕೇರಿಗಳಲ್ಲಿ ಕುಡುಗೋಲುಗಳು ಏಳುತ್ತವೆ. ನಮ್ಮ ಮನೆಯಲ್ಲಿ ಮಗಳು ಚಂಪವ್ವ ಹಸಿ ಬಾಣಂತಿ, ಕೊಡದಲ್ಲಿ ಸಂಜೆಯವರೆಗೆ ಸಾಲುವಷ್ಟೇ ನೀರು. ನನಗೆ ನಿಜವಾಗಿ ಹೆದರಿಕೆಯಾಯಿತು.

ಕೆಳಗೇರಿಯ ಕೀಲಿ ರಾಚಪ್ಪನ ಸೊಂಟದಲ್ಲಿರುತ್ತದೆ, ನಮ್ಮದು ನನ್ನ ಸೊಂಟದಲ್ಲಿ. ಇಬ್ಬರೂ ಪೆಟ್ಟಿಗೆಯ ಬಳಿ ಸೇರಿದಾಗ ಅವನು ಕೀಲಿಯ ಜೊತೆಗೆ ಇನ್ನೊಂದು ತಂಪುಚಕ್ರವನ್ನೂ ತಂದಿದ್ದ, ಪಾಳುಬಿದ್ದ ಪಟ್ಟಣದ ಗುಜರಿಯಲ್ಲಿ ಎಂದೋ ಸಿಕ್ಕಿದ್ದಂತೆ. ಇಷ್ಟು ಸರಿಯಾದ ಹೊತ್ತಿಗೆ ಕೈಗೆ ಬಂತೇ ಎಂದುಕೊಂಡೆ. “ಇದರಾಗ ಏನರ ಮುಚ್ಚಿಟ್ಟೀಯೇನು?” ಎಂದದ್ದೇ ತಡ, ಅದನ್ನು ಹಿಂದೆ ಮುಂದೆ ತಿರುಗಿಸಿ ತೋರಿಸಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಒಳಸಂಚು ಎನ್ನುವವರು ಎನ್ನಲಿ ಎಂದು ಇಬ್ಬರೂ ಸೇರಿ ಬೀಗ ತೆಗೆದೆವು. ಒಳಗೆ ಧೂಳು ಕೌದಿಯ ಹಾಗೆ ಕೂತಿತ್ತು. ಸತ್ತ ಚಕ್ರವನ್ನು ಬಿಚ್ಚಿ ಹೊಸದನ್ನು ಕೈಗೆತ್ತಿಕೊಂಡಾಗ ಕಂಡಿತು: ಅದಕ್ಕೆ ಮೂರು ತಂತಿ. ವಿದ್ಯುತ್ತು ಬರಲು ಒಂದು, ಹೋಗಲು ಒಂದು ಸಾಕಲ್ಲ, ಮೂರನೆಯದು ಯಾಕೆ? ಹಳೆಯದರ ತಂತಿಗಳು ಕರಿ ಕೊಳವೆಯೊಳಗಿದ್ದುದರಿಂದ ಹೋಲಿಸಿ ನೋಡಲು ಯಾರಿಗೂ ಹೊಳೆಯಲಿಲ್ಲ. “ಇದು ಚಾಡಿ ಹೇಳೂ ತಂತಿ ಯಕ್ಕಾ, ಕತ್ತರಿಸಿ ಒಗಿಯೂಣು,” ಎಂದ ರಾಚಪ್ಪ. ಮೇಲುಕೇರಿ, ಕೆಳಗೇರಿ ಒಂದು ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು. ಒಬ್ಬರೇ ಕತ್ತರಿಸಿದರೆ ಮೋಸವೆಂದು ಇಬ್ಬರೂ ಇಕ್ಕಳದ ಮೇಲೆ ಕೈಯಿಟ್ಟು ಕತ್ತರಿಸಿದೆವು.

ಹೊಸ ಚಕ್ರವನ್ನು ಕೂರಿಸಿ ಗುಂಡಿ ಒತ್ತಿದಾಗ ಅದು ಗಿರ್ರನೆ ತಿರುಗಿತು. ಗಾಳಿ ನಮ್ಮ ಮುಖಕ್ಕೆ ಬಡಿಯುತ್ತಿತ್ತು. ಪರದೆಯ ಮೇಲೆ ಮಾತ್ರ ‘ತಂಪುಚಕ್ರ ತಿರುಗುತ್ತಿಲ್ಲ’ ಎಂದೇ ಬಂತು, ಪೆಟ್ಟಿಗೆ ಮತ್ತೆ ನಿಂತಿತು. ಮತ್ತೆ ಒತ್ತಿದೆವು, ಮತ್ತೆ ಅದೇ ಮಾತು. ಪೆಟ್ಟಿಗೆಯೂ ಸುಳ್ಳು ಹೇಳುವುದಾದರೆ ಇನ್ನು ಈ ಊರಲ್ಲಿ ಉಳಿದದ್ದೇನು ಎಂದು ನಾನು ಅಲ್ಲೇ ಕುಸಿದು ಕೂತೆ. ಮೊಮ್ಮಗಳ ಅಳು ಕಿವಿಯಲ್ಲಿ ಕೇಳಿದಂತಾಗುತ್ತಿತ್ತು.

ರಾಚಪ್ಪ ತಲೆ ಕೆರೆದುಕೊಂಡ. “ಯಕ್ಕಾ, ಇದಕ್ಕೇನು ಕಣ್ಣ ಅದಾವ? ಚಕ್ರ ತಿರಗಾಕತ್ತೈತಿ ಅಂತ ಇದಕ್ಕ ಯಾರರ ಹೇಳಬೇಕಲ್ಲ?” ಹಳೆಯ ಚಕ್ರದ ಕರಿ ಕೊಳವೆಯನ್ನು ಸೀಳಿದೆ. ಒಳಗೆ ಮೂರು ತಂತಿಗಳಿದ್ದವು. ಮೂರನೆಯದು ಚಾಡಿ ಹೇಳುತ್ತಿದ್ದುದು ನಿಜ, ‘ನಾನು ತಿರುಗುತ್ತಿದ್ದೇನೆ’ ಎಂಬುದೊಂದೇ ಚಾಡಿ. ಪೆಟ್ಟಿಗೆಯೂ ನಮ್ಮೂರಿನದೇ, ಬಾಯಿಬಿಟ್ಟು ಹೇಳದವರನ್ನು ನಂಬುವುದಿಲ್ಲ.

ಕತ್ತರಿಸಿದ ತಂತಿಯ ತುದಿಗಳನ್ನು ಅವನು ಮತ್ತೆ ಹೊಸೆದ, ನಾನು ಸೆರಗಿನ ಅಂಚು ಹರಿದು ಸುತ್ತಿದೆ. ಪೆಟ್ಟಿಗೆ ಎದ್ದಿತು, ತೂಬು ತೆರೆಯಿತು. ತುಂಬಿದ ಕೊಡವನ್ನು ರಾಚಪ್ಪನೇ ನಮ್ಮ ಮನೆಗೆ ಹೊತ್ತು ತಂದ. ಚಂಪವ್ವ ಅವನ ಕೈಯಿಂದ ತಂಬಿಗೆ ಕಸಿದುಕೊಂಡು ಗಟಗಟ ಕುಡಿದಳು. ಅವನು ಮುಂಗುಟುಕು ಕುಡಿದಿರಲಿಲ್ಲ. ಅವಳು ಕೇಳಲಿಲ್ಲ, ನಾನೂ ತಡೆಯಲಿಲ್ಲ. ಆಮೇಲೆ ರಾತ್ರಿಯಿಡೀ ಅವಳ ಮುಖ ನೋಡುತ್ತ ಕೂತಿದ್ದೆ. ಏನೂ ಆಗಲಿಲ್ಲ. ಇನ್ನೆರಡು ದಿನ ನೋಡುತ್ತೇನೆ.

ಹಿರಿಯರೇ, ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಮೇಜಿನ ಕೆಳಗಿನ ಪೆಟ್ಟಿಗೆಯನ್ನು ಮುಂದೆಂದಾದರೂ ಬಿಚ್ಚಿದಾಗ, ಯಾವ ತಂತಿ ಯಾವುದಕ್ಕೆಂದು ಮುಚ್ಚಳದ ಒಳಬದಿಯಲ್ಲಿ ಬರೆದಿಡಿ. ನಾವು ನಂಬುವುದಿಲ್ಲ. ಆದರೂ ಬರೆದಿಡಿ.