ಕೆಂಪು ಬಿದ್ದ ಕುರಿ

ಮಸಗುಪ್ಪಿ, ಶನಿವಾರ

ನಾಗರತ್ನಾ ಟೀಚರರಿಗೆ ನಮಸ್ಕಾರ.

ನಾನು ಭಾಗ್ಯಶ್ರೀಯ ಅಜ್ಜಿ, ಯಲ್ಲಕ್ಕ ಪೂಜೇರಿ. ಹತ್ತನೆಯ ತರಗತಿಯವರೆಗೆ ಓದಿದವಳು. ಕುರಿ ಮಾರುವುದಿರಲಿ, ಮದುವೆ ನಿಶ್ಚಯಿಸುವುದಿರಲಿ, ನಮ್ಮ ಮನೆಯಲ್ಲಿ ನನ್ನ ಮಾತೇ ಕೊನೆಯದು.

ಗಣಿತದಲ್ಲಿ ಅವಳು ನಪಾಸಾದಾಗ ನೀವು ಅಂಕದ ಕೆಳಗೆ ಕೆಂಪು ಗೆರೆ ಎಳೆದಿದ್ದಿರಿ. ಅದರಲ್ಲಿ ತಪ್ಪಿಲ್ಲ. ಆದರೆ ನಾವು ಸಂತೆಯಲ್ಲಿ ಮಾರುವ ಕುರಿಯ ಬೆನ್ನಿಗೆ ಕೆಂಪು ಬಳಿಯುವವರು. ಆ ದಿನ ಮನೆಯವರೆಲ್ಲರ ಎದುರು ಅವಳಿಗೆ, "ಕೆಂಪು ಬಿದ್ದದ್ದನ್ನ ನಮ್ಮ ಮನ್ಯಾಗ ಇಟ್ಕೊಳ್ಳಂಗಿಲ್ಲ" ಎಂದುಬಿಟ್ಟೆ. ಗದರಿದರೆ ಓದುತ್ತಾಳೆ ಎಂದುಕೊಂಡಿದ್ದೆ. ಅವಳು ಪುಸ್ತಕವನ್ನೇ ಮುಚ್ಚಿಟ್ಟಳು.

ಎರಡು ವಾರದಿಂದ ಶಾಲೆಗೂ ಬಂದಿಲ್ಲ. ನಿನ್ನೆ ಕೇಳಿದರೆ, "ಸಂತಿಗೆ ಹೊಂಟ ಕುರಿಗೆ ಯಾರರ ಮೇವು ಹಾಕ್ತಾರೇನಬೇ ಆಯಿ?" ಎಂದಳು.

ಸೋಮವಾರ ಅವಳು ಬರುತ್ತಾಳೆ. ದಯವಿಟ್ಟು ಏನೂ ಕೇಳದೆ ಕೂರಿಸಿಕೊಳ್ಳಿ. ಬಿಟ್ಟುಹೋದ ಲೆಕ್ಕಗಳನ್ನು ಮೊದಲಿನಿಂದ ಹೇಳಿಕೊಡಿ.

ತಪ್ಪಾಯಿತು ಎನ್ನುವ ಮಾತು ನನ್ನ ಬಾಯಿಂದ ಬರುವುದಿಲ್ಲ. ಇಂದು ಬೆಳಿಗ್ಗೆ, ಈ ವಾರದ ಸಂತೆಗೆಂದು ಗುರುತು ಮಾಡಿದ್ದ ಕುರಿಯನ್ನು ಅವಳ ಮುಂದೆಯೇ ಹಿಡಿದು, ಬಣ್ಣ ಹತ್ತಿದ ಉಣ್ಣೆಯನ್ನೆಲ್ಲ ಕತ್ತರಿಸಿ, ತಿರುಗಿ ಹಿಂಡಿಗೆ ಬಿಟ್ಟೆ.

ನಿಮ್ಮ ವಿದ್ಯಾರ್ಥಿನಿಯ ಅಜ್ಜಿ,
ಯಲ್ಲಕ್ಕ