ಮೂರನೇ ಬಟ್ಟಲು

ಟ್ರಾವ್ನಿಕ್, ಮಾರ್ಚ್ ಹನ್ನೆರಡು, ಮಧ್ಯಾಹ್ನ

...ಅಯ್ಯೋ, ಮತ್ತೆ ಮೊದಲಿಂದ ಶುರು ಮಾಡ್ತೀನಿ, ಕ್ಷಮಿಸು ಜೆನಿತಾ. ಫೋನಲ್ಲಿ ಈ ಮಾತು ರೆಕಾರ್ಡ್ ಮಾಡ್ತಿರೋದು ಇದು ನಾಲ್ಕನೇ ಸಲ, ಹಿಂದಿನ ಮೂರೂ ಅಳಿಸಿಬಿಟ್ಟೆ. ಚೆನ್ನಾಗಿದ್ದೀಯಾ ಮಗಳೇ? "ನಿನ್ನ ಅಳಿಯ ಹೆನ್ರಿಕ್‌ಗೆ ನಮ್ಮ ಬೋಸ್ನಿಯಾದ ರಿವಾಜೆಲ್ಲ ಹೇಳಿಕೊಡಪ್ಪಾ, ಶೆಫಿಕಾ ಅತ್ತೆ ಮನೇಲಿ ಪೆದ್ದನ ಥರ ಕಾಣಬಾರದು" ಅಂತ ನೀನು ಕೇಳಿ ಹತ್ತು ದಿನ ಆಯ್ತು. ಬೈಬೇಡ.

ಮೊದಲು ಶೂ. ಬಾಗಿಲಲ್ಲೇ ಬಿಡ್ಲಿ. ಶೆಫಿಕಾ ಅತ್ತೆ "ಪರವಾಗಿಲ್ಲ, ಹಾಕ್ಕೊಂಡೇ ಬಾರಪ್ಪಾ" ಅಂತಾಳೆ. ನಂಬಬಾರದು. ಕಾಲುಚೀಲ ತೂತಿರಬಾರದು. ನಾನು ಹೆಣ್ಣು ನೋಡೋಕೆ ಹೋದಾಗ ಹೆಬ್ಬೆರಳು ಇಣುಕ್ತಿತ್ತು. ನಿಮ್ಮಜ್ಜ ನನ್ನ ಮುಖ ನೋಡ್ಲೇ ಇಲ್ಲ, ಪೂರ್ತಿ ಅದರ ಜೊತೇನೇ ಮಾತಾಡಿದ್ರು.

ಆಮೇಲೆ ಎದುರುಬದುರು ಕಿಟಕಿ ತೆರೀಬಾರದು. ಗಾಳಿ ಹಾಯ್ದ್ರೆ ಮನುಷ್ಯ ಸತ್ತೇಹೋಗ್ತಾನೆ ಅಂತ ನಮ್ಮ ಶೆಫಿಕಾ ಅಕ್ಕನ ನಂಬಿಕೆ. ನನ್ನ ಕೋಣೆ ಕಿಟಕಿ ಐದು ವರ್ಷದಿಂದ ತೆರೆದಿಲ್ಲ. ಬೇಸಿಗೇಲಿ ಬೆಂದುಹೋಗ್ತೀನಿ. ತೆರಿ ಅನ್ನೋಕೆ ಇದೇನು ನನ್ನ ಮನೆಯಾ?

ಇನ್ನು ಕಾಫಿ. ಬೇಡ ಅನ್ನಲೇಬಾರದು. ಸಕ್ಕರೆ ತುಂಡಿನ ತುದಿ ಕಾಫೀಲಿ ಅದ್ದಿ ಕಚ್ಚಬೇಕು, ತಳದ ಗಸಿ ಕಲಕಬಾರದು. ಮೊದಲನೇ ಬಟ್ಟಲು ಬನ್ನಿ ಅನ್ನೋಕೆ. ಎರಡನೇದು ಮಾತಿಗೆ, ಎಷ್ಟು ಹೊತ್ತಾದ್ರೂ ಕೂರಬಹುದು. ಮೂರನೇದು ಬಂತೋ, ಏಳ್ಬೇಕು. ಅದು ಹೊರಡಿ ಅನ್ನೋ ಕಾಫಿ. ಬಾಯಲ್ಲಿ ಯಾರೂ ಹೋಗು ಅನ್ನಲ್ಲ, ಬಟ್ಟಲೇ ಹೇಳುತ್ತೆ. ಇದನ್ನ ಮಾತ್ರ ಅವನು ಮರೀಬಾರದು.

ಆಯ್ತಪ್ಪಾ, ಇಬ್ಬರೂ ನೂರು ವರ್ಷ ಬಾಳಿ, ದೇವರು ದಾರಿ ಸುಗಮ ಮಾಡ್ಲಿ.

ನಿನ್ನ ಅಪ್ಪ, ರಾಸಿಮ್.

ಇರು, ಫೋನ್ ಇಡಬೇಡ, ಇನ್ನೊಂದು ಮಾತು. ಇದನ್ನೇ ಮೂರು ಸಲ ಅಳಿಸಿದ್ದು. ನಿಮ್ಮಮ್ಮ ತೀರಿಕೊಂಡಾಗ "ಎರಡು ವಾರ ಇದ್ದು ಹೋಗೋ" ಅಂತ ಅಕ್ಕ ಕರೆದಳು. ಅಷ್ಟರಲ್ಲಿ ಗುಡ್ಡ ಕುಸಿದು ನಮ್ಮ ಮನೆ ಹೋಯ್ತು, ಕಾರ್ಖಾನೆ ಮುಚ್ಚಿತು, ನಾನು ಇಲ್ಲೇ ಉಳಿದೆ. ಈಗ ಅವಳ ಮಗನಿಗೆ ಮೇ ತಿಂಗಳಲ್ಲಿ ಮದುವೆ. ನಿನ್ನೆ ಟೇಪು ಹಿಡ್ಕೊಂಡು ಬಂದ. "ಮಾಮಾ, ಕಾಲು ಸ್ವಲ್ಪ ಎತ್ತು" ಅಂದ. ನಾನು ಮಂಚದ ಮೇಲೆ ಕೂತಿದ್ದ ಹಾಗೇ ಕೋಣೆ ಅಳೆದ. ಅಕ್ಕ ಏನೂ ಅಂದಿಲ್ಲ. ಅವಳು ಕೆಟ್ಟವಳಲ್ಲ, ಜೆನಿತಾ. ಆದ್ರೆ ಒಂದು ತಿಂಗಳಿಂದ ದಿನಾ ಮಧ್ಯಾಹ್ನ ನನ್ನ ಮುಂದೆ ಮೂರನೇ ಬಟ್ಟಲು ಇಡ್ತಾಳೆ. ಕುಡಿದು ಅಲ್ಲೇ ಕೂತಿರ್ತೀನಿ. ಎದ್ದು ಹೋಗೋ ರಿವಾಜು ಹೋಗೋಕೆ ಜಾಗ ಇದ್ದೋರಿಗೆ ಅಲ್ವಾ?

ಸ್ವೀಡನ್ನಿಂದ ಕಾರಲ್ಲೇ ಬರ್ತೀವಿ ಅಂದಿದ್ಯಲ್ಲ. ವಾಪಸ್ ಹೋಗುವಾಗ... ಹಿಂದಿನ ಸೀಟಲ್ಲಿ ಏನಾದ್ರೂ ಸಾಮಾನು ಇರುತ್ತಾ? ನಂದು ಒಂದೇ ಪೆಟ್ಟಿಗೆ.

"ರಾಸಿಮ್! ಒಬ್ಬನೇ ಕೂತು ಯಾರ ಹತ್ರ ಮಾತಾಡ್ತಿದೀಯೋ? ಬಾರೋ, ಆರಿಹೋಗುತ್ತೆ!"

ಬಂದೆ ಅಕ್ಕಾ!

ಕರೀತಿದಾಳೆ. ಎರಡು ಆಗ್ಲೇ ಕುಡಿದಾಯ್ತು. ಈ ಸಲ ಅಳಿಸಲ್ಲ, ಕಳಿಸ್ತೀನಿ. ಇಡ್ಲಾ ಮಗಳೇ?